ಹಳೆಯ ಗೃಹ ಗಣಕಗಳ ಪರದೆ ದೋಷ: ಟಿ.ವಿ. ದುರಸ್ತಿಗಾರರ ಕೈಯಲ್ಲೇ ಇರುವ ವಿದ್ಯೆ

ಕಡೂರು, ತರೀಕೆರೆ ಮತ್ತು ಅಜ್ಜಂಪುರದ ಪೇಟೆ ಬೀದಿಗಳಲ್ಲಿ ಎರಡು ದಶಕಗಳ ಹಿಂದೆ ರೇಡಿಯೊ-ಟಿ.ವಿ. ದುರಸ್ತಿ ಅಂಗಡಿಯೆಂಬುದು ದಿನಸಿ ಅಂಗಡಿಯಷ್ಟೇ ಸಾಮಾನ್ಯವಾಗಿತ್ತು. ಬೆನ್ನಿನ ಮುಚ್ಚಳ ಕಳಚಿದ ಟಿ.ವಿ., ಹಿಂಬದಿಯಿಂದ ಕೆಲಸ ಮಾಡುತ್ತಲೇ ಪರದೆಯನ್ನು ನೋಡಲು ಎದುರಿಗಿಟ್ಟ ಕನ್ನಡಿ, ಗೋಡೆಯ ಹಲಗೆಯ ಮೇಲೊಂದು ಸೀರೀಸ್ ಬಲ್ಬು, ಬೆಸುಗೆಯ ರಾಳದ ವಾಸನೆ; ಇಂತಹ ಅಂಗಡಿಯನ್ನು ಗುರುತಿಸಲು ನಾಮಫಲಕ ಬೇಕಿರಲಿಲ್ಲ. ಚಪ್ಪಟೆ ಪರದೆಯ ಟಿ.ವಿ.ಗಳು ಬಂದ ಮೇಲೆ ಈ ವೃತ್ತಿಯ ಸ್ವರೂಪವೇ ಬದಲಾಯಿತು. ಪ್ಯಾನೆಲ್ ಒಡೆದರೆ ಅದನ್ನು ಬದಲಿಸುವ ವೆಚ್ಚ ಹೊಸ ಟಿ.ವಿ.ಯ ಬೆಲೆಯ ಸಮೀಪಕ್ಕೆ ಬರುತ್ತದೆ. ಬೋರ್ಡ್ ಕೆಟ್ಟರೆ ಇಡೀ ಬೋರ್ಡನ್ನೇ ಬದಲಿಸುವುದು ರೂಢಿಯಾಗಿದೆ. ದೋಷವನ್ನು ಒಂದೊಂದು ಬಿಡಿಭಾಗದವರೆಗೆ ಬೆನ್ನಟ್ಟಿ ಹಿಡಿಯುವ ವಿದ್ಯೆಗೆ ಗಿರಾಕಿಗಳು ಕಡಿಮೆಯಾದರು. ಅದನ್ನು ಬಲ್ಲವರಲ್ಲಿ ಹಲವರು ಮೊಬೈಲ್ ಮಾರಾಟ, ಡಿಶ್ ಅಳವಡಿಕೆ, ಯು.ಪಿ.ಎಸ್. ಬ್ಯಾಟರಿ ವ್ಯಾಪಾರಗಳತ್ತ ಹೊರಳಿದರು.

ಈ ವಿದ್ಯೆಗೆ ಈಗಲೂ ಉಳಿದಿರುವ ಒಂದು ಕಿರಿದಾದ, ಆದರೆ ನಿಜವಾದ ಕೆಲಸದ ಕ್ಷೇತ್ರವನ್ನು ಕುರಿತು ಇಲ್ಲಿ ವಿವೇಚಿಸಲಾಗಿದೆ. ಅದು 1980ರ ದಶಕದ ಗೃಹ ಗಣಕಗಳ ದುರಸ್ತಿ. ಹಬ್ಬಕ್ಕೆ ಮನೆ ಶುಚಿಗೊಳಿಸುವಾಗ ಅಟ್ಟದಿಂದಲೋ, ಶಾಲೆಯ ಉಗ್ರಾಣದಿಂದಲೋ ಇಂತಹ ಒಂದು ಪೆಟ್ಟಿಗೆ ಹೊರಬರುತ್ತದೆ. ಯಾರೋ ಅದಕ್ಕೆ ವಿದ್ಯುತ್ ಸಂಪರ್ಕ ಕೊಟ್ಟು, ಪರದೆಯಲ್ಲಿ ಏನೂ ಕಾಣದಿದ್ದಾಗ 'ಕೆಟ್ಟಿದೆ' ಎಂದು ತೀರ್ಪು ನೀಡುತ್ತಾರೆ. ಮರುದಿನ ಅದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ದೇಶ-ವಿದೇಶಗಳ ಸಂಗ್ರಾಹಕರು ಹುಡುಕುವ ವಸ್ತುವೊಂದು ಪ್ಲಾಸ್ಟಿಕ್ ಮತ್ತು ತಾಮ್ರದ ದರಕ್ಕೆ ಮಾರಾಟವಾಗುವುದು ವ್ಯಾಪಾರದ ದೃಷ್ಟಿಯಿಂದಲೂ ನಷ್ಟವೇ. ಪರದೆ ಕತ್ತಲಾಗಿರುವುದಕ್ಕೂ ಯಂತ್ರ ಸತ್ತಿರುವುದಕ್ಕೂ ಬಹಳ ಅಂತರವಿದೆ. ಆ ಅಂತರವನ್ನು ಅಳೆಯಬಲ್ಲವನು ಹಳೆಯ ಟಿ.ವಿ. ಮೆಕ್ಯಾನಿಕ್.

ಶಾಲೆಗೆ ಬಂದದ್ದು, ಮನೆಗೆ ಬಂದದ್ದು

ನಮ್ಮ ದೇಶದಲ್ಲಿ ಸಿಗುವ ಸಾಧ್ಯತೆಯುಳ್ಳ ಇಂತಹ ಗಣಕಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಬಿ.ಬಿ.ಸಿ. ಮೈಕ್ರೊ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಏಕಾರ್ನ್ ಸಂಸ್ಥೆ ಇದನ್ನು 1981ರ ಡಿಸೆಂಬರ್‌ನಲ್ಲಿ ಹೊರತಂದಿತು. ಕೇಂದ್ರ ಸರ್ಕಾರ 1984-85ರಲ್ಲಿ 'ಕ್ಲಾಸ್' ಎಂಬ ಹೆಸರಿನ ಶಾಲಾ ಗಣಕ ಸಾಕ್ಷರತಾ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಆಯ್ಕೆಯಾದದ್ದು ಈ ಯಂತ್ರವೇ. ಮೊದಲ ವರ್ಷ 250 ಶಾಲೆಗಳೊಂದಿಗೆ ತೊಡಗಿದ ಯೋಜನೆಯಡಿ ಒಟ್ಟು ಸುಮಾರು 12,000 ಬಿ.ಬಿ.ಸಿ. ಗಣಕಗಳು ರಾಜ್ಯ ಸರ್ಕಾರಗಳ ಮೂಲಕ ಪ್ರೌಢಶಾಲೆಗಳನ್ನು ಸೇರಿದವು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಇದರ ಭಾರತೀಯ ರೂಪವನ್ನು 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ಜೋಡಿಸಿತು. ಇಂದು ನಲವತ್ತೈದು-ಐವತ್ತರ ಆಸುಪಾಸಿನಲ್ಲಿರುವ ಅನೇಕರು ಮೊಟ್ಟಮೊದಲು ಕಂಡ ಗಣಕವೆಂದರೆ ಕೆಂಪು ಬಣ್ಣದ ಒಂದು ಸಾಲು ಕೀಲಿಗಳಿದ್ದ ಈ ಕೆನೆಬಣ್ಣದ ಪೆಟ್ಟಿಗೆ.

ಎರಡನೆಯದು ಸಿಂಕ್ಲೇರ್ ಸ್ಪೆಕ್ಟ್ರಮ್. 1982ರಲ್ಲಿ ಬಿಡುಗಡೆಯಾದ ಇದರ 'ಪ್ಲಸ್' ರೂಪವನ್ನು ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಪರವಾನಗಿ ಪಡೆದು 'ಡಿ.ಬಿ. ಸ್ಪೆಕ್ಟ್ರಮ್ ಪ್ಲಸ್' ಎಂದು ಭಾರತದಲ್ಲಿ ಮಾರಿತು. ಕೆಲವು ಸಾವಿರ ಯಂತ್ರಗಳು ಮಾರಾಟವಾದವು. ವಿದೇಶದಿಂದ ಬಂದ ಬಂಧುಗಳು ತಂದುಕೊಟ್ಟವು ಬೇರೆ.

ಟಿ.ವಿ.ಗಾಗಿ ಹುಟ್ಟಿದ ಯಂತ್ರ

ಗಣಕವೆಂದ ಕೂಡಲೇ ಟಿ.ವಿ. ದುರಸ್ತಿಗಾರರು ಹಿಂಜರಿಯುವುದುಂಟು. ಇಲ್ಲಿ ಆ ಹಿಂಜರಿಕೆಗೆ ಕಾರಣವಿಲ್ಲ. ಈ ಗಣಕಗಳಿಗೆ ತಮ್ಮದೇ ಮಾನಿಟರ್ ಇರಲಿಲ್ಲ, ಮನೆಯ ಟಿ.ವಿ.ಯೇ ಅವುಗಳ ಪರದೆಯಾಗಬೇಕೆಂದು ವಿನ್ಯಾಸಗೊಂಡವು. ಸೆಕೆಂಡಿಗೆ 50 ಚಿತ್ರಗಳು, ಅಡ್ಡಗೆರೆಗಳ ಆವರ್ತನ ಸುಮಾರು 15,625 ಹರ್ಟ್ಸ್, ಬಣ್ಣಕ್ಕೆ ಪಾಲ್ ಪದ್ಧತಿಯ 4.43 ಮೆಗಾಹರ್ಟ್ಸ್ ಕ್ರಿಸ್ಟಲ್. ಇವೆಲ್ಲವೂ ದೂರದರ್ಶನದ ಟಿ.ವಿ.ಯನ್ನು ದುರಸ್ತಿ ಮಾಡಿದವರಿಗೆ ಬಾಯಿಪಾಠವಾಗಿರುವ ಅಂಕಿಗಳು. ಚಿತ್ರ ಮೇಲಕ್ಕೆ ಉರುಳಿದರೆ ವರ್ಟಿಕಲ್ ಸಿಂಕ್, ಓರೆಯಾಗಿ ಹರಿದರೆ ಹಾರಿಜಾಂಟಲ್ ಸಿಂಕ್ ಎಂಬ ತಿಳಿವಳಿಕೆಯೇ ಇಲ್ಲಿಯೂ ನಡೆಯುತ್ತದೆ.

ದೋಷವೆಂದು ಬರುವ ಯಂತ್ರಗಳಲ್ಲಿ ಒಂದು ಪಾಲು ಕೆಟ್ಟೇ ಇರುವುದಿಲ್ಲ. ಪರದೆ ಹೊಂದುವುದಿಲ್ಲ, ಅಷ್ಟೆ. ಆಂಟೆನಾ ಕೇಬಲ್ ಸಿಕ್ಕಿಸುವ ಹೊರಗಿಂಡಿಯಿಂದ ಈ ಗಣಕಗಳು ಯು.ಎಚ್.ಎಫ್. ಪಟ್ಟಿಯ 36ನೇ ಚಾನೆಲ್‌ನಲ್ಲಿ, ಅಂದರೆ ಸುಮಾರು 591 ಮೆಗಾಹರ್ಟ್ಸ್‌ನಲ್ಲಿ ಚಿತ್ರವನ್ನು ಕಳುಹಿಸುತ್ತವೆ. 1980ರ ದಶಕದ ನಮ್ಮ ಅನೇಕ ಟಿ.ವಿ.ಗಳಲ್ಲಿ ಇದ್ದದ್ದು ವಿ.ಎಚ್.ಎಫ್. ಟ್ಯೂನರ್ ಮಾತ್ರ. ಅಂತಹ ಟಿ.ವಿ.ಗೆ ಜೋಡಿಸಿದರೆ ಎಷ್ಟು ತಿರುಗಿಸಿದರೂ ಕಾಣುವುದು ಹಿಮ ಸುರಿದಂತಹ ಚುಕ್ಕೆಗಳೇ. ಇತ್ತೀಚಿನ ಗಣಕ ಮಾನಿಟರ್‌ಗಳ ವಿ.ಜಿ.ಎ. ಗಿಂಡಿಗೆ ಹೇಗೋ ತಂತಿ ಹೊಂದಿಸಿದವರಿಗೂ ನಿರಾಶೆ ತಪ್ಪದು. ಅವುಗಳಲ್ಲಿ ಬಹುಪಾಲು 31,500 ಹರ್ಟ್ಸ್‌ಗಿಂತ ಕಡಿಮೆ ಆವರ್ತನವನ್ನು ಸ್ವೀಕರಿಸುವುದಿಲ್ಲ.

ಇದಕ್ಕೆ ಪರಿಹಾರ ಸರಳ. ಬಿ.ಬಿ.ಸಿ. ಯಂತ್ರದ ಹಿಂಬದಿಯಲ್ಲಿರುವ ಬಿ.ಎನ್.ಸಿ. ಗಿಂಡಿಯಿಂದ ಕಾಂಪೊಸಿಟ್ ವಿಡಿಯೊ ನೇರವಾಗಿ ದೊರೆಯುತ್ತದೆ. ಅದನ್ನು ಟಿ.ವಿ.ಯ ಹಳದಿ ಎ.ವಿ. ಗಿಂಡಿಗೆ ಕೊಟ್ಟರಾಯಿತು. ಎ.ವಿ. ಗಿಂಡಿಯಿಲ್ಲದ ಹೊಸ ಟಿ.ವಿ.ಗಳಿಗೆ ಕೆಲವು ನೂರು ರೂಪಾಯಿಗಳಲ್ಲಿ ಸಿಗುವ ಎ.ವಿ.ಯಿಂದ ಎಚ್.ಡಿ.ಎಂ.ಐ. ಪರಿವರ್ತಕ ಸಾಕು. ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಗಾಬರಿಯಾಗಬೇಕಿಲ್ಲ. ಆ ಗಿಂಡಿಯಿಂದ ಮೂಲತಃ ಬರುವುದು ಕಪ್ಪು-ಬಿಳುಪು ಸಂಕೇತವೇ. ನಂತರದ ಬೋರ್ಡ್‌ಗಳಲ್ಲಿ ಒಂದು ಲಿಂಕ್ ಸೇರಿಸಿದರೆ ಬಣ್ಣವೂ ಬರುತ್ತದೆ. ಸ್ಪೆಕ್ಟ್ರಮ್‌ನಲ್ಲಿ ಇಂತಹ ಗಿಂಡಿಯಿಲ್ಲ. ಅದರ ತಗಡಿನ ಮಾಡ್ಯುಲೇಟರ್ ಡಬ್ಬಿಗೆ ಒಳಹೋಗುವ ತಂತಿಯಲ್ಲೇ ಕಾಂಪೊಸಿಟ್ ಸಂಕೇತವಿರುವುದರಿಂದ ಅಲ್ಲಿಂದ ನೇರವಾಗಿ ಹೊರತೆಗೆಯುವ ಪದ್ಧತಿ ಎಲ್ಲೆಡೆ ಬಳಕೆಯಲ್ಲಿದೆ.

ಮೊದಲು ಕಿವಿ, ಆಮೇಲೆ ಕಣ್ಣು

ಪರದೆ ಪೂರ್ಣ ಕತ್ತಲಾಗಿರುವ ಬಿ.ಬಿ.ಸಿ. ಮೈಕ್ರೊ ಮೇಜಿಗೆ ಬಂದಾಗ ಮಾಡಬೇಕಾದ ಮೊದಲ ಕೆಲಸವೆಂದರೆ ಕೇಳಿಸಿಕೊಳ್ಳುವುದು. ಸರಿಯಿರುವ ಯಂತ್ರ ಚಾಲನೆಯಾದಾಗ ಒಂದು ತಗ್ಗು ಸ್ವರ, ಬೆನ್ನಿಗೇ ಒಂದು ಚಿಕ್ಕ ಎತ್ತರದ ಸ್ವರ ಹೊರಡುತ್ತದೆ. ತಗ್ಗು ಸ್ವರವೊಂದೇ ನಿಲ್ಲದೆ ಮುಂದುವರಿದರೆ ಪ್ರೊಸೆಸರ್ ತನ್ನ ಆರಂಭದ ಕೆಲಸ ಮುಗಿಸಿಲ್ಲವೆಂದು ಅರ್ಥ. ಆಗ ದೋಷವನ್ನು ಪ್ರೊಸೆಸರ್, ರಾಮ್, ರೀಸೆಟ್‌ಗಳ ಕಡೆ ಹುಡುಕಬೇಕು. ಯಾವ ಸದ್ದೂ ಇಲ್ಲದಿದ್ದರೆ ವಿದ್ಯುತ್ತಿನಿಂದ ಆರಂಭಿಸಬೇಕು. ಎರಡೂ ಸ್ವರ ಸರಿಯಾಗಿ ಬಂದು ಪರದೆ ಮಾತ್ರ ಕತ್ತಲಾಗಿದ್ದರೆ ಗಣಕ ಬದುಕಿದೆ, ಅದರ ದೃಶ್ಯಮಾರ್ಗ ಮಾತ್ರ ಕೆಟ್ಟಿದೆ.

ಇದನ್ನು ಇನ್ನಷ್ಟು ಖಚಿತಪಡಿಸಿಕೊಳ್ಳಲು ಪರದೆಯನ್ನು ನೋಡದೆಯೇ ವಿ, ಡಿ, ಯು ಎಂಬ ಮೂರು ಅಕ್ಷರ ಮತ್ತು 7ರ ಅಂಕಿಯನ್ನು ಒತ್ತಿ ರಿಟರ್ನ್ ಕೀಲಿ ಅದುಮಬೇಕು. 'ಬೀಪ್' ಎಂದರೆ ಕೀಲಿಮಣೆ, ಪ್ರೊಸೆಸರ್, ರಾಮ್‌ನ ಕೆಳಭಾಗ, ಬೇಸಿಕ್ ರೋಮ್ ಚಿಪ್ಪು ಎಲ್ಲವೂ ಕೆಲಸ ಮಾಡುತ್ತಿವೆ. ಒಂದು ರೂಪಾಯಿಯ ಬಿಡಿಭಾಗವನ್ನೂ ಮುಟ್ಟದೆ, ಮುಚ್ಚಳವನ್ನೂ ತೆರೆಯದೆ ಅರ್ಧ ಯಂತ್ರವನ್ನು ಸಂಶಯದಿಂದ ಬಿಡುಗಡೆ ಮಾಡುವ ಇಂತಹ ಪರೀಕ್ಷೆ ಇಂದಿನ ಯಂತ್ರಗಳಲ್ಲಿ ಅಪರೂಪ.

ವಿದ್ಯುತ್ತಿನ ಪೆಟ್ಟಿಗೆ

ಪರದೆಯ ದೋಷಗಳಲ್ಲಿ ಬಹಳಷ್ಟರ ಮೂಲ ಪರದೆಯ ಮಂಡಲದಲ್ಲಿರದೆ ಪವರ್ ಸಪ್ಲೈಯಲ್ಲಿರುತ್ತದೆ. ಗಣಕದೊಳಗಿನ ಚಿಪ್ಪುಗಳಿಗೆ 5 ವೋಲ್ಟ್ ಬೇಕು, 4.75ಕ್ಕಿಂತ ಕೆಳಗಿಳಿದರೆ ಅವುಗಳ ನಡವಳಿಕೆಯನ್ನು ನಂಬುವಂತಿಲ್ಲ. ಬಿ.ಬಿ.ಸಿ. ಯಂತ್ರದಲ್ಲಿ ಈ 5 ವೋಲ್ಟ್ ಮೂರು ಜೊತೆ ಕೆಂಪು-ಕಪ್ಪು ತಂತಿಗಳ ಮೂಲಕ ಬೋರ್ಡಿಗೆ ಬರುತ್ತದೆ. ತಂತಿಗಳ ತುದಿಯ ತಗಡಿನ ಹಿಡಿಕೆಗಳು ಕಿಲುಬು ಹಿಡಿದರೆ ಅಥವಾ ಸಡಿಲವಾದರೆ ಪೆಟ್ಟಿಗೆಯಲ್ಲಿ 5 ವೋಲ್ಟ್ ಇದ್ದರೂ ಚಿಪ್ಪಿನ ಬಳಿ ಇರುವುದಿಲ್ಲ. ಆದ್ದರಿಂದ ಮೀಟರಿನ ಕಡ್ಡಿಗಳನ್ನು ಪವರ್ ಸಪ್ಲೈಯ ಮೇಲಿಡದೆ, ದೂರದ ಮೂಲೆಯ ಒಂದು ಚಿಪ್ಪಿನ ಕಾಲುಗಳ ಮೇಲೆಯೇ ಇಟ್ಟು ನೋಡಬೇಕು. ಬಯಲುಸೀಮೆಯ ಧೂಳು ಕೂರುವ ಕಡೂರಿಗಿಂತ ಮಲೆನಾಡಿನ ಸೆರಗಿನಲ್ಲಿರುವ ತರೀಕೆರೆಯ ಮಳೆಗಾಲದ ತೇವದಲ್ಲಿ ಕಿಲುಬಿನ ಕಾಟ ಹೆಚ್ಚೆಂದು ಬೇರೆ ಹೇಳಬೇಕಿಲ್ಲ. ಧೂಳನ್ನು ಬ್ರಷ್ಷಿನಿಂದ ತೆಗೆಯಬಹುದು. ಕಿಲುಬಿಗೆ ಕಾಂಟ್ಯಾಕ್ಟ್ ಕ್ಲೀನರ್ ಬೇಕು, ಹಿಡಿಕೆಗಳನ್ನು ಕಳಚಿ ಮತ್ತೆ ಬಿಗಿಮಾಡಬೇಕು.

ಹಲವು ವರ್ಷ ನಿದ್ರಿಸಿದ ಯಂತ್ರವನ್ನು ನೇರವಾಗಿ 230 ವೋಲ್ಟ್‌ಗೆ ಜೋಡಿಸುವುದು ಸಾಹಸವೇ ಸರಿ. ಇದರ ಪವರ್ ಸಪ್ಲೈಯಲ್ಲಿ ವಿದ್ಯುತ್ ಒಳಬರುವ ಜಾಗದಲ್ಲಿ ಕಾಗದದ ಪದರಗಳ ಫಿಲ್ಟರ್ ಕೆಪಾಸಿಟರ್‌ಗಳಿವೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇವೂ ಕಂಡೆನ್ಸರ್‌ಗಳೇ. ವರ್ಷಗಳು ಕಳೆದಂತೆ ಇವುಗಳ ಹೊರಕವಚ ಬಿರಿದು ತೇವ ಒಳಹೋಗುತ್ತದೆ; ಚಾಲನೆ ಮಾಡಿದ ಕೆಲವು ನಿಮಿಷಗಳಲ್ಲಿ ಢಬ್ಬೆಂದು ಸಿಡಿದು ಕೋಣೆಯ ತುಂಬ ದಟ್ಟ ಹೊಗೆ ತುಂಬುತ್ತದೆ. ವಿಚಿತ್ರವೆಂದರೆ ಹೊಗೆಯ ನಡುವೆಯೂ ಗಣಕ ಕೆಲಸ ಮುಂದುವರಿಸುವುದುಂಟು. ಅದನ್ನು ಕಂಡು ಸುಮ್ಮನಾಗುವುದು ತಪ್ಪು. ಸಿಡಿಯುವ ಮುನ್ನವೇ ಅವನ್ನು ತೆಗೆದು, 'ಎಕ್ಸ್ 2' ದರ್ಜೆಯ ಹೊಸ ಕೆಪಾಸಿಟರ್‌ಗಳನ್ನೇ ಹಾಕಬೇಕು. ಇವುಗಳ ಬೆಲೆ ಕೆಲವೇ ರೂಪಾಯಿಗಳು. ಸಾಮಾನ್ಯ ಕೆಪಾಸಿಟರ್ ಅದೇ ಅಳತೆಯದ್ದಾಗಿದ್ದರೂ ಮುಖ್ಯ ವಿದ್ಯುತ್ತಿನ ಅಡ್ಡಲಾಗಿ ಹಾಕುವಂತಿಲ್ಲ.

ಸೀರೀಸ್ ಬಲ್ಬಿನ ಹಳೆಯ ಉಪಾಯ ಇಲ್ಲಿ ಚೆನ್ನಾಗಿ ಒದಗುತ್ತದೆ. ಬಲ್ಬು ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ; ಒಮ್ಮೆ ಮಿಂಚಿ ಮಂಕಾದರೆ ಮುಂದುವರಿಯಬಹುದು. ಆದರೆ ಸ್ವಿಚ್ ಮೋಡ್ ಪವರ್ ಸಪ್ಲೈಗೆ ತೀರ ಕಡಿಮೆ ವ್ಯಾಟಿನ ಬಲ್ಬು ಹಾಕಿದರೆ ಅದು ಚಾಲನೆಯಾಗದೆ ತಡವರಿಸುತ್ತದೆ. ಅದನ್ನೇ ದೋಷವೆಂದು ಭಾವಿಸಿ ಗಂಟೆಗಟ್ಟಲೆ ಹುಡುಕಿದವರೂ ಇದ್ದಾರೆ. ಬೋರ್ಡಿನಿಂದ ಬೇರ್ಪಡಿಸಿದ ಪವರ್ ಸಪ್ಲೈಯನ್ನು ಹೊರೆಯಿಲ್ಲದೆ ಓಡಿಸಬಾರದೆಂಬುದನ್ನೂ ನೆನಪಿಡಬೇಕು. ಪಂಪ್‌ಸೆಟ್‌ಗಳ ಹೊರೆಯಿಂದ ವೋಲ್ಟೇಜ್ ಏರಿಳಿಯುವ ಮಾರ್ಗಗಳಲ್ಲಿ ಕೆಲಸ ಮಾಡುವ ಅಂಗಡಿಗಳು ಪರೀಕ್ಷಾ ಮೇಜಿಗಾದರೂ ಸ್ಟೆಬಿಲೈಸರ್ ಇಟ್ಟುಕೊಳ್ಳುವುದು ಮೇಲು.

ಪರದೆಯೇ ಕೊಡುವ ಸುಳಿವು

ವಿದ್ಯುತ್ ಸರಿಯಿದೆಯೆಂದು ಖಚಿತವಾದ ಮೇಲೆ ಚಿತ್ರವನ್ನು ಓದುವ ಕೆಲಸ. ಬಿ.ಬಿ.ಸಿ. ಮೈಕ್ರೊದಲ್ಲಿ ಚಿತ್ರ ಮೂರು ಚಿಪ್ಪುಗಳ ಕೈದಾಟಿ ಬರುತ್ತದೆ. 6845 ಎಂಬ ನಿಯಂತ್ರಕ ಚಿಪ್ಪು ಸಿಂಕ್ ಸಂಕೇತಗಳನ್ನೂ ನೆನಪಿನ ವಿಳಾಸಗಳನ್ನೂ ಒದಗಿಸುತ್ತದೆ. ಚಾಲನೆಯಾದೊಡನೆ ಕಾಣುವ ಅಕ್ಷರಗಳನ್ನು, ಅಂದರೆ 'ಮೋಡ್ 7' ಪರದೆಯನ್ನು, ಟೆಲಿಟೆಕ್ಸ್ಟ್ ಟಿ.ವಿ.ಗಳಲ್ಲಿ ಬಳಕೆಯಾಗುತ್ತಿದ್ದ ಎಸ್.ಎ.ಎ. 5050 ಚಿಪ್ಪು ರೂಪಿಸುತ್ತದೆ. ಉಳಿದ ಮೋಡ್‌ಗಳ ಚಿತ್ರವನ್ನು ವಿಡಿಯೊ ಯು.ಎಲ್.ಎ. ಎಂಬ, ಈ ಗಣಕಕ್ಕೆಂದೇ ತಯಾರಾದ ಚಿಪ್ಪು ಕಟ್ಟುತ್ತದೆ.

ಈ ಹಂಚಿಕೆಯನ್ನು ತಿಳಿದವರಿಗೆ ಪರೀಕ್ಷೆ ಸುಲಭ. ಚಿತ್ರ ಸ್ಥಿರವಾಗದೆ ಉರುಳಿದರೆ ಅಥವಾ ಟಿ.ವಿ. ಸಂಕೇತವನ್ನೇ ಗುರುತಿಸದಿದ್ದರೆ ಸಂಶಯ ಮೊದಲು 6845ರ ಮೇಲೆ. ಆರಂಭದ ಅಕ್ಷರಗಳು ಕಾಣದಿದ್ದಾಗ, 'ಮೋಡ್ 4' ಎಂದು ಕುರುಡಾಗಿ ಒತ್ತಿ ರಿಟರ್ನ್ ಅದುಮಿದರೆ ಚಿತ್ರ ಮೂಡುವುದಾದರೆ ತಪ್ಪು 5050ರ ಮಾರ್ಗದಲ್ಲಿದೆ. ಇದಕ್ಕೆ ವ್ಯತಿರಿಕ್ತವಾಗಿ ಆರಂಭದ ಪರದೆ ಚೊಕ್ಕಟವಾಗಿದ್ದು, ಉಳಿದ ಮೋಡ್‌ಗಳಲ್ಲಿ ಮಾತ್ರ ಕಲಸಿಕೊಂಡರೆ ವಿಡಿಯೊ ಯು.ಎಲ್.ಎ.ಯನ್ನು ನೋಡಬೇಕು. ಮೊದಲು ಬಂದ ಯು.ಎಲ್.ಎ. ಚಿಪ್ಪುಗಳು ಬಹಳ ಬಿಸಿಯಾಗುವ ಸ್ವಭಾವದವು. ಹತ್ತು ನಿಮಿಷ ಚೆನ್ನಾಗಿದ್ದು ಅನಂತರ ಚಿತ್ರದಲ್ಲಿ ಚುಕ್ಕೆಗಳು ಎರಚಿದಂತಾದರೆ ಅದರ ಮೇಲಿನ ಹೀಟ್ ಸಿಂಕ್ ಕಳಚಿಬಿದ್ದಿದೆಯೇ ಎಂದು ನೋಡಬೇಕು. ಫ್ರೀಜ್ ಸ್ಪ್ರೇ ಹಾಯಿಸಿದೊಡನೆ ಚಿತ್ರ ಸರಿಹೋದರೆ ಕಾರಣ ಸಿಕ್ಕಂತೆ. ಯಾವುದನ್ನೂ ಬದಲಿಸುವ ಮುನ್ನ ಸಾಕೆಟ್‌ನಲ್ಲಿ ಕುಳಿತಿರುವ ಚಿಪ್ಪುಗಳನ್ನು ಎತ್ತಿ, ಕಾಲುಗಳನ್ನು ಶುಚಿಮಾಡಿ ಮತ್ತೆ ಕೂರಿಸುವುದು ಒಳ್ಳೆಯದು. ನಲವತ್ತು ವರ್ಷಗಳ ಬಿಸಿ-ತಂಪುಗಳಲ್ಲಿ ಚಿಪ್ಪುಗಳು ಸಾಕೆಟ್ಟಿನಿಂದ ಕೂದಲೆಳೆಯಷ್ಟು ಮೇಲೇಳುತ್ತವೆ. ಅದೊಂದರಿಂದಲೇ ಸರಿಹೋಗುವ ಯಂತ್ರಗಳುಂಟು.

ಎಲ್ಲಕ್ಕಿಂತ ಸ್ವಾರಸ್ಯಕರವಾದದ್ದು ರಾಮ್‌ನ ದೋಷ. ಈ ಯಂತ್ರದ 32 ಕೆ.ಬಿ. ನೆನಪು ತಲಾ 8 ಚಿಪ್ಪುಗಳ ಎರಡು ಸಾಲುಗಳಲ್ಲಿದೆ. ಒಂದೊಂದು ಚಿಪ್ಪು ಒಂದೊಂದು ಬಿಟ್ಟಿಗೆ ಹೊಣೆ. ಆರಂಭದ ಪರದೆಯ ಅಕ್ಷರಗಳು ಮೇಲಿನ ಸಾಲಿನಲ್ಲಿರುತ್ತವೆ. ಪ್ರೊಸೆಸರ್ ತನ್ನ ಮುಖ್ಯ ಲೆಕ್ಕಗಳನ್ನು ಇಟ್ಟುಕೊಳ್ಳುವುದು ಕೆಳಗಿನ ಸಾಲಿನಲ್ಲಿ. ಹೀಗಾಗಿ ಮೇಲಿನ ಸಾಲಿನ ಒಂದು ಚಿಪ್ಪು ಕೆಟ್ಟರೂ ಗಣಕ ನಿಲ್ಲುವುದಿಲ್ಲ, ಆದರೆ ಪರದೆ ತಪ್ಪು ಅಕ್ಷರಗಳನ್ನು ತೋರಿಸುತ್ತದೆ. ಉದಾಹರಣೆಗೆ, ಅತಿ ಕೆಳಗಿನ ಬಿಟ್ಟಿನ ಚಿಪ್ಪು ಸದಾ 1 ಎಂದೇ ಹೇಳತೊಡಗಿದರೆ 66ನೇ ಸಂಖ್ಯೆಯ 'ಬಿ' ಅಕ್ಷರ 67ನೆಯ 'ಸಿ' ಆಗುತ್ತದೆ, 'ಬಿ.ಬಿ.ಸಿ.' ಎಂದಿರಬೇಕಾದ ಕಡೆ 'ಸಿ.ಸಿ.ಸಿ.' ಎಂದು ಮೂಡುತ್ತದೆ. ಖಾಲಿ ಜಾಗದ ಸಂಖ್ಯೆ 32, ಆಶ್ಚರ್ಯಸೂಚಕ ಚಿಹ್ನೆಯದು 33. ಆದ್ದರಿಂದ ಖಾಲಿಯಿರಬೇಕಾದ ಇಡೀ ಪರದೆ ಆಶ್ಚರ್ಯಸೂಚಕಗಳಿಂದ ತುಂಬಿಹೋಗುತ್ತದೆ. ನೋಡುವವರಿಗೆ ದೆವ್ವ ಹೊಕ್ಕಂತೆ ಕಂಡರೂ ದುರಸ್ತಿಗಾರನಿಗೆ ಅದು ಚೀಟಿ ಬರೆದುಕೊಟ್ಟಂತೆ: ಹದಿನಾರರಲ್ಲಿ ಕೆಟ್ಟದ್ದು ಯಾವ ಚಿಪ್ಪೆಂದು ಪರದೆಯೇ ಹೇಳಿದೆ. ಅದೇ ಬಗೆಯ ಒಳ್ಳೆಯ ಚಿಪ್ಪೊಂದನ್ನು ಅನುಮಾನದ ಚಿಪ್ಪಿನ ಬೆನ್ನ ಮೇಲೆ ಕಾಲಿಗೆ ಕಾಲು ತಾಗುವಂತೆ ಕೂರಿಸಿ ನೋಡಿದರೆ ಕೆಲವು ವೇಳೆ ಅಷ್ಟರಲ್ಲೇ ಖಚಿತವಾಗುತ್ತದೆ.

ಬಣ್ಣದ ಆರ್.ಜಿ.ಬಿ. ಮಾನಿಟರ್‌ಗೆ ಜೋಡಿಸಿದಾಗ ಬಿಳಿಯ ಅಕ್ಷರಗಳು ಹಳದಿಯಾಗಿ ಕಂಡರೆ ನೀಲಿ ತಂತಿ, ನೇರಳೆಗೆಂಪಾದರೆ ಹಸಿರು ತಂತಿ, ನೀಲಿ-ಹಸಿರಾದರೆ ಕೆಂಪು ತಂತಿ ಕಡಿದಿದೆ. ಟಿ.ವಿ. ದುರಸ್ತಿಗಾರರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಆದರೆ ಈ ಗಿಂಡಿಯಿಂದ ಬರುವುದು 5 ವೋಲ್ಟ್ ಮಟ್ಟದ ಡಿಜಿಟಲ್ ಸಂಕೇತ, 0.7 ವೋಲ್ಟ್ ನಿರೀಕ್ಷಿಸುವ ಇಂದಿನ ಪರಿವರ್ತಕಗಳಿಗೆ ರೆಸಿಸ್ಟರ್‌ಗಳ ಮೂಲಕ ತಗ್ಗಿಸಿಯೇ ಕೊಡಬೇಕು.

ಗಣಕದ ಬದಲು ಹಳೆಯ ಪಿಕ್ಚರ್ ಟ್ಯೂಬಿನ ಮಾನಿಟರ್ ಕೆಟ್ಟಿದ್ದರೆ ಅದನ್ನು ತೆರೆಯುವುದು ಅನುಭವಿಗಳಿಗೇ ಬಿಟ್ಟ ವಿಷಯ. ಬಣ್ಣದ ಟ್ಯೂಬಿನ ಆನೋಡ್‌ನಲ್ಲಿ 20,000 ವೋಲ್ಟ್‌ಗೂ ಮೀರಿದ ವಿದ್ಯುತ್ ಸಂಪರ್ಕ ಕಳಚಿದ ಮೇಲೂ ಉಳಿದಿರಬಹುದು. ಗಣಕ ಬಲ್ಲ ಯುವಕರು ಮೊಬೈಲ್ ದುರಸ್ತಿಯ ಧೈರ್ಯದಲ್ಲಿ ಇದಕ್ಕೆ ಕೈಹಾಕಬಾರದು.

ಸ್ಪೆಕ್ಟ್ರಮ್‌ನ ತಿರುಗುಮುರುಗು

ಸ್ಪೆಕ್ಟ್ರಮ್ ಯಂತ್ರಗಳ ಸಾವಿಗೆ ಅತಿ ದೊಡ್ಡ ಕಾರಣ ಯಂತ್ರದಲ್ಲಿಲ್ಲ, ಅಡಾಪ್ಟರಿನಲ್ಲಿದೆ. ಇದಕ್ಕೆ ಬೇಕಾದದ್ದು 9 ವೋಲ್ಟ್, 1.4 ಆಂಪಿಯರ್, ಆದರೆ ಪಿನ್ನಿನ ನಡುವೆ ಋಣ, ಹೊರಗೆ ಧನ. ಇಂದು ಅಂಗಡಿಗಳಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಬಹುತೇಕ ಇದಕ್ಕೆ ವಿರುದ್ಧ. ಪಿನ್ ಹೊಂದಿತೆಂದು ಸಿಕ್ಕಿಸಿದರೆ ಒಳಗಿನ ಭಾಗಗಳು ಬಲಿಯಾಗುತ್ತವೆ. ಮೂಲ ಅಡಾಪ್ಟರನ್ನು ಹೊರೆಯಿಲ್ಲದೆ ಅಳೆದಾಗ 9ರ ಬದಲು 12 ವೋಲ್ಟ್‌ಗೂ ಮೇಲೆ ತೋರಿಸುವುದು ಸಹಜ, ಅದು ದೋಷವಲ್ಲ.

ಒಳಗೆ, ಪರದೆಯ ಚಿತ್ರವಿರುವ ಮೊದಲ 16 ಕೆ.ಬಿ. ನೆನಪು 4116 ಎಂಬ 8 ಚಿಪ್ಪುಗಳಲ್ಲಿದೆ. ಇವಕ್ಕೆ ಒಂದಲ್ಲ, ಮೂರು ವೋಲ್ಟೇಜ್ ಬೇಕು: 1ನೇ ಕಾಲಿಗೆ ಋಣ 5, 8ನೇ ಕಾಲಿಗೆ 12, 9ನೇ ಕಾಲಿಗೆ 5. ಋಣ 5 ವೋಲ್ಟ್ ಒದಗಿಸುವ ಚಿಕ್ಕ ಟ್ರಾನ್ಸಿಸ್ಟರ್ ಮಂಡಲ ಕೆಟ್ಟರೆ 4116 ಚಿಪ್ಪುಗಳು ಒಂದೊಂದಾಗಿ ಸುಡುತ್ತವೆ. ಪರದೆಯಲ್ಲಿ ಲಂಬ ಗೆರೆಗಳೋ ಅಸ್ತವ್ಯಸ್ತ ಬಣ್ಣದ ಚೌಕಗಳೋ ಕಂಡಾಗ ಆತುರದಿಂದ ಹೊಸ ಚಿಪ್ಪು ಹಾಕಿದರೆ ಅದೂ ಸುಟ್ಟುಹೋಗುತ್ತದೆ. ಮೂರು ವೋಲ್ಟೇಜ್‌ಗಳನ್ನು ಅಳೆಯದೆ ಚಿಪ್ಪು ಬದಲಿಸಬಾರದು. ಈ ಯಂತ್ರ ಚಾಲನೆಯಾದಾಗ ನೆನಪನ್ನು ಪರೀಕ್ಷಿಸುತ್ತ ಕ್ಷಣಕಾಲ ಕಪ್ಪು ಹಿನ್ನೆಲೆಯಲ್ಲಿ ತೆಳು ಕೆಂಪು ಗೆರೆಗಳನ್ನು ತೋರಿಸುತ್ತದೆ. ಗೆರೆಗಳು ಮೂಡಿದವೆಂದರೆ ಪ್ರೊಸೆಸರ್ ಮತ್ತು ರೋಮ್ ಕೆಲಸ ಮಾಡುತ್ತಿವೆಯೆಂದು ತಿಳಿಯಬಹುದು.

ವ್ಯಾಪಾರದ ಲೆಕ್ಕ

ಈ ಕೆಲಸವೊಂದರಿಂದಲೇ ಅಂಗಡಿಯ ಬಾಡಿಗೆ ಹುಟ್ಟುತ್ತದೆಂದು ಯಾರೂ ಭ್ರಮಿಸಬೇಕಿಲ್ಲ. ಮೂರು ಪಟ್ಟಣಗಳಿಗೂ ಸೇರಿ ವರ್ಷಕ್ಕೆ ಬೆರಳೆಣಿಕೆಯ ಯಂತ್ರಗಳು ಬಂದರೆ ಹೆಚ್ಚು. ಆದರೆ ಅದೇ ಮೀಟರು, ಅದೇ ಆಸಿಲೊಸ್ಕೋಪು, ಅದೇ ಕ್ರಮದ ಪರಿಶೀಲನೆ ಬೇಡುವ ಬೇರೆ ಯಂತ್ರಗಳು ವರ್ತಕರ ಮತ್ತು ಸಣ್ಣ ಕೈಗಾರಿಕೆಗಳ ಬಳಿಯೇ ಇವೆ. ಹಳೆಯ ಸಿ.ಎನ್.ಸಿ. ಲೇತುಗಳಲ್ಲಿ 9 ಇಂಚು, 14 ಇಂಚಿನ ಪಿಕ್ಚರ್ ಟ್ಯೂಬಿನ ಪರದೆಗಳು ಈಗಲೂ ಉಳಿದಿವೆ. ಪರದೆ ಆರಿದ ದಿನ ಯಂತ್ರ ಸರಿಯಿದ್ದರೂ ಉತ್ಪಾದನೆ ನಿಲ್ಲುತ್ತದೆ. ಅವುಗಳಲ್ಲಿ ಹಲವಕ್ಕೆ ಬರುವುದೂ ಟಿ.ವಿ. ಆವರ್ತನದ ಸಮೀಪದ ಸಂಕೇತವೇ. ಸೂಕ್ತ ಪರಿವರ್ತಕ ಸೇರಿಸಿ ಎಲ್.ಸಿ.ಡಿ. ಪರದೆ ಕೂರಿಸಬಲ್ಲವರು ಹತ್ತಿರದಲ್ಲೇ ಇದ್ದರೆ, ಬೆಂಗಳೂರಿನಿಂದ ತಂತ್ರಜ್ಞರನ್ನು ಕರೆಸಿ ದಿನಗಟ್ಟಲೆ ಕಾಯುವ ಸಣ್ಣ ಕಾರ್ಖಾನೆಗೆ ಉಳಿತಾಯ ಗಣನೀಯ. ಅಡಿಕೆ, ಕೊಬ್ಬರಿ ಮಂಡಿಗಳ ತೂಕದ ಯಂತ್ರಗಳ ಅಂಕಿಫಲಕ ಮಂಕಾದಾಗಲೂ ಮೊದಲು ನೋಡಬೇಕಾದದ್ದು ಪವರ್ ಸಪ್ಲೈಯ ಕಂಡೆನ್ಸರ್‌ಗಳನ್ನೇ. ಆದರೆ ತೂಕದ ಯಂತ್ರದ ಸೀಲು ಮುಟ್ಟುವ ಕೆಲಸ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರವಾನಗಿ ಪಡೆದ ದುರಸ್ತಿಗಾರರಿಗೆ ಮಾತ್ರ ಸೇರಿದ್ದು.

ಹಳೆಯ ಗಣಕವನ್ನು ಒಪ್ಪಿಕೊಳ್ಳುವಾಗ ಪರಿಶೀಲನೆಯ ಶುಲ್ಕ ಬೇರೆ, ದುರಸ್ತಿಯ ಶುಲ್ಕ ಬೇರೆ ಎಂದು ಚೀಟಿಯಲ್ಲಿ ಬರೆದುಕೊಡುವುದು ಒಳಿತು. ಇಂತಹ ಯಂತ್ರಗಳಲ್ಲಿ ಸಮಯ ಹೋಗುವುದು ಹುಡುಕುವುದಕ್ಕೆ. ಬದಲಿಸುವ ಭಾಗದ ಬೆಲೆ ನೋಡಿ ಗಿರಾಕಿ ಕೂಲಿಯನ್ನು ಲೆಕ್ಕ ಹಾಕಿದರೆ ಜಗಳ ಖಚಿತ. ತೆಗೆದ ಹಳೆಯ ಭಾಗಗಳನ್ನು ಹಿಂದಿರುಗಿಸಬೇಕು, ಸಂಗ್ರಾಹಕರಿಗೆ ಅವೂ ಮುಖ್ಯ.

ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ. ಕಡೂರು ಮತ್ತು ಅಜ್ಜಂಪುರ ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಲ್ಲಿಯೂ, ತರೀಕೆರೆ ಬೀರೂರಿನಿಂದ ಶಿವಮೊಗ್ಗದತ್ತ ಕವಲೊಡೆಯುವ ಮಾರ್ಗದಲ್ಲಿಯೂ ಇರುವುದರಿಂದ ಬೆಳಿಗ್ಗೆ ಹೋಗಿ ರಾತ್ರಿ ಮರಳುವುದು ಕಷ್ಟವಲ್ಲ. ಕೆಪಾಸಿಟರ್, ರೆಗ್ಯುಲೇಟರ್, ಸಾಕೆಟ್‌ಗಳು ಅಲ್ಲಿ ಧಾರಾಳ. ಹಳೆಯ ಚಿಪ್ಪುಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು: ಮೇಲಿನ ಬರಹ ಅಳಿಸಿ ಬೇರೆ ಸಂಖ್ಯೆ ಮುದ್ರಿಸಿದ ಚಿಪ್ಪುಗಳು ಮಾರುಕಟ್ಟೆಯಲ್ಲಿ ಓಡಾಡುತ್ತವೆ. ಪರೀಕ್ಷಿಸಿ ಕೊಡುವ ಅಂಗಡಿಯಲ್ಲಿ ಒಂದಿಷ್ಟು ಹೆಚ್ಚು ಬೆಲೆ ಕೊಟ್ಟರೂ ಲಾಭವೇ.

ದುರಸ್ತಿಯಾಗದೆ ಉಳಿದ ಯಂತ್ರವನ್ನು ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ತಲುಪಿಸಬೇಕು. ಈ ಕುರಿತ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಮತ್ತು ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸವಿರುವುದರಿಂದ ಅದನ್ನು ಒಡೆದು ಬಿಸಾಡುವಂತಿಲ್ಲ. ಆದರೆ ಯಂತ್ರವನ್ನು ಕಳುಹಿಸುವ ಮುನ್ನ ಸಾಕೆಟ್‌ಗಳಲ್ಲಿರುವ ಚಿಪ್ಪುಗಳನ್ನು ಮಾಲೀಕರ ಒಪ್ಪಿಗೆಯೊಂದಿಗೆ ತೆಗೆದು, ಪರೀಕ್ಷಿಸಿ, ಹೆಸರು ಬರೆದು ಇಟ್ಟುಕೊಳ್ಳಬೇಕು. 6845 ಚಿಪ್ಪು ಐ.ಬಿ.ಎಂ.ನ ಮೊದಲ ಪಿ.ಸಿ.ಗಳ ಡಿಸ್‌ಪ್ಲೇ ಕಾರ್ಡ್‌ಗಳಲ್ಲೂ ಬಳಕೆಯಾಗಿದ್ದರಿಂದ ಬೇರೆಡೆ ಸಿಕ್ಕೀತು. ಬಿ.ಬಿ.ಸಿ.ಯ ಮೂಲ ವಿಡಿಯೊ ಯು.ಎಲ್.ಎ.ಯನ್ನು ಆ ಗಣಕಕ್ಕಲ್ಲದೆ ಬೇರಾವುದಕ್ಕೂ ಮಾಡಲಿಲ್ಲ, ಈಗ ತಯಾರಿಸುತ್ತಲೂ ಇಲ್ಲ. ತೂಕಕ್ಕೆ ಮಾರಾಟವಾದ ಪ್ರತಿಯೊಂದು ಪೆಟ್ಟಿಗೆಯ ಜೊತೆಗೆ ಅಂತಹದೊಂದು ಚಿಪ್ಪು ಕುಲುಮೆ ಸೇರುತ್ತದೆ.